ಆರು ಕಿಲೋಮೀಟರ್ ಯಾರ ಲೆಕ್ಕಕ್ಕೆ?

ಕಾರು ನನ್ನದಲ್ಲ, ಸೋದರಮಾವನದು. ಹಾಗಾಗಿ ಮೆಸೇಜು ಹೋದದ್ದೂ ಅವರ ಫೋನಿಗೇ. ಹಬ್ಬಕ್ಕೆ ಊರಿಗೆ ಹೋಗಿದ್ದೆ. ವಾಪಸು ಹೊರಡುವಾಗ ಅಕ್ಕಿ ಮೂಟೆ, ತೆಂಗಿನಕಾಯಿ, ಎರಡು ರಟ್ಟಿನ ಡಬ್ಬ ತುಂಬ ಪುಸ್ತಕ, ಇಷ್ಟನ್ನೂ ಬಸ್ಸಿಗೆ ಹೇರುವುದು ಹೇಗೆಂದು ನೋಡುತ್ತ ನಿಂತಿದ್ದಾಗ ಮಾವ ತಾವಾಗಿಯೇ ಕೀ ಕೊಟ್ಟರು. 'ಮುಂದಿನ ವಾರ ನಾನೇ ಬೆಂಗಳೂರಿಗೆ ಬತ್ತೀನಿ, ಆಗ ತಗೊಂಡು ಹೋಯ್ತೀನಿ. ನಿಧಾನಕ್ಕೆ ಓಡ್ಸು' ಅಂದರು. ನಾಲ್ಕು ದಿನ ಬಿಟ್ಟು ಅವರಿಂದ ವಾಟ್ಸಾಪ್ ಬಂತು: 'ಏನವ್ವ, ಪಿಎಚ್.ಡಿ. ಮಾಡೋರೆಲ್ಲ ಇಷ್ಟು ಜೋರಾಗಿ ಹೋಯ್ತೀರಾ?' ಅದರ ಕೆಳಗೆ ಇ-ಚಲನ್. ಹಾಸನದ ಕಡೆಯಿಂದ ಬೆಂಗಳೂರಿಗೆ ಬರುವ ಹೆದ್ದಾರಿಯಲ್ಲಿ, ಊರೊಂದು ರಸ್ತೆಗೆ ಅಂಟಿಕೊಂಡಿರುವ ಕಡೆ, ಮಿತಿ 60, ನನ್ನ ವೇಗ 66. ದಂಡ 1000 ರೂಪಾಯಿ.

ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ಅದೇ ರಸ್ತೆಯಲ್ಲಿ ಅವತ್ತು ನನ್ನನ್ನು ಹಿಂದೆ ಹಾಕಿ ಹೋದ ವಾಹನಗಳು ಒಂದೆರಡಲ್ಲ. ಒಂದು ಬಸ್ಸಂತೂ ಎಷ್ಟು ಹತ್ತಿರದಿಂದ ನುಗ್ಗಿತೆಂದರೆ ಹಿಂದಿನ ಸೀಟಿನ ತೆಂಗಿನಕಾಯಿಗಳೆಲ್ಲ ಉರುಳಾಡಿದವು. ಅವರೆಲ್ಲ ನೂರರ ಮೇಲೆ ಹೋಗಿ ಪಾರಾದರು. ಎಡಕ್ಕೇ ಅಂಟಿಕೊಂಡು, ಮಾವನ ಕಾರಿಗೆ ಗೀರು ಬೀಳದಿರಲಿ ಎಂದು ಜೀವ ಕೈಯಲ್ಲಿ ಹಿಡಿದು ಬಂದ ನಾನು ಸಿಕ್ಕಿಬಿದ್ದೆ. ಅದೂ ಎಷ್ಟಕ್ಕೆ? ಆರಕ್ಕೆ. ಆರು ಅಂದರೆ ಆಕ್ಸಿಲರೇಟರಿನ ಮೇಲೆ ಕಾಲಿನ ಭಾರ ಒಂದಿಷ್ಟು ಹೆಚ್ಚಾದದ್ದು. ಅಪರಾಧ ಎನ್ನುವಷ್ಟು ದೊಡ್ಡ ಪದ ಅದಕ್ಕೆ ಹೊಂದುವುದಿಲ್ಲ. ಮೀಟರು ಸರಿಯಿಲ್ಲದೆ ಇರಬಹುದು ಎಂದೂ ವಾದ ಹೂಡಿ ನೋಡಿದೆ. ಅದು ನನಗೇ ತಿರುಗುಬಾಣವಾಯಿತು. ಕಾರಿನ ಸ್ಪೀಡೋಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು, ಸ್ವಲ್ಪ ಹೆಚ್ಚು ತೋರಿಸಿದರೆ ಅಡ್ಡಿಯಿಲ್ಲ ಎಂಬ ಲೆಕ್ಕದಲ್ಲೇ ಅದನ್ನು ತಯಾರಿಸುತ್ತಾರೆ. ಅಂದರೆ ಹೊರಗಿನ ಯಂತ್ರ 66 ಎಂದು ಅಳೆದಾಗ ನನ್ನ ಕಣ್ಣೆದುರಿನ ಮುಳ್ಳು ಬಹುಶಃ 70ರ ಹತ್ತಿರ ಇದ್ದಿರಬೇಕು. ನಾನು ನೋಡಿರಲಿಲ್ಲ, ಅಷ್ಟೇ.

ಮಾವನಿಗೆ ಫೋನು ಮಾಡಿ ಕ್ಷಮಿಸಿ ಎಂದೆ, ದುಡ್ಡು ಈಗಲೇ ಕಟ್ಟಿಬಿಡುತ್ತೇನೆ ಎಂದೆ. ಅವರು ನಕ್ಕರು. 'ಅವಸರ ಬ್ಯಾಡ ಕಣವ್ವ, ಮಡಗು. ಇನ್ನೊಂದು ಸಲ ಅರ್ಧಕ್ಕೆ ಇಳಿಸ್ತಾರೆ, ಆಗ ಕಟ್ಟಾನ.' ಮಾವನ ಮಾತಿನಲ್ಲಿ ತಪ್ಪೇನೂ ಇಲ್ಲ. 2023ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಾಕಿಯಿದ್ದ ಸಂಚಾರ ದಂಡಗಳಿಗೆ ಶೇಕಡ 50ರ ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ನಿಂತು ಕಟ್ಟಿದ್ದನ್ನು ನಾವೆಲ್ಲ ನೋಡಿದ್ದೇವೆ. ಆಮೇಲೂ ಅಂಥ ಅವಕಾಶಗಳು ಬಂದವು, 2025ರ ಆಗಸ್ಟಿನಲ್ಲೂ ಬಂತು. ಆಷಾಢದಲ್ಲಿ ಸೀರೆಗೆ ಡಿಸ್ಕೌಂಟು ಬರುವ ಹಾಗೆ ತಪ್ಪಿಗೂ ಬರುತ್ತದೆ ಎಂದಾದ ಮೇಲೆ ಕಾಯುವವನೇ ಜಾಣ. ನನ್ನ ಫೆಲೋಶಿಪ್ ದುಡ್ಡು ಎಂದು ಕೈಗೆ ಬರುತ್ತದೋ ಗೊತ್ತಿಲ್ಲದ ಆ ತಿಂಗಳಲ್ಲಿ ಐನೂರು ರೂಪಾಯಿ ಉಳಿಯುವುದು ಸಣ್ಣ ವಿಷಯವೂ ಆಗಿರಲಿಲ್ಲ.

ಆದರೆ ದಂಡಕ್ಕೆ ಡಿಸ್ಕೌಂಟು ಎಂಬ ಮಾತು ಬಾಯಿಗೆ ಬಂದ ಕೂಡಲೇ ಅದು ದಂಡವಾಗಿ ಉಳಿಯುತ್ತದೆಯೇ? ಊರಿ ನೀಜಿ ಮತ್ತು ಆಲ್ಡೊ ರುಸ್ತಿಕಿನಿ ಎಂಬ ಅರ್ಥಶಾಸ್ತ್ರಜ್ಞರು ಇಸ್ರೇಲಿನ ಹೈಫಾ ನಗರದ ಹತ್ತು ಶಿಶುವಿಹಾರಗಳಲ್ಲಿ ನಡೆಸಿದ ಪ್ರಯೋಗವೊಂದು 2000ದಲ್ಲಿ ಪ್ರಕಟವಾಯಿತು. ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗಳಿಗೆ ಕೆಲವು ಶಿಶುವಿಹಾರಗಳಲ್ಲಿ ಸಣ್ಣದೊಂದು ದಂಡ ಹಾಕಿ ನೋಡಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚುಕಡಿಮೆ ಇಮ್ಮಡಿಯಾದರು. ಅಲ್ಲಿಯವರೆಗೆ 'ಪಾಪ, ಆ ಟೀಚರು ನಮಗೋಸ್ಕರ ಕಾದು ಕೂತಿರುತ್ತಾರೆ' ಎಂಬ ಸಂಕೋಚವಿತ್ತು. ದಂಡ ಬಂದ ಮೇಲೆ ಆ ಸಂಕೋಚ ಹೋಗಿ 'ದುಡ್ಡು ಕೊಡುತ್ತೇವಲ್ಲ' ಎಂಬ ಧೈರ್ಯ ಬಂತು. ದಂಡವನ್ನು ತೆಗೆದುಹಾಕಿದ ಮೇಲೂ ಹಳೆಯ ಸಂಕೋಚ ಮರಳಲಿಲ್ಲವಂತೆ. ದಂಡ ಹೀಗೆ ಸದ್ದಿಲ್ಲದೆ ಬೆಲೆಯಾಗಿಬಿಡಬಲ್ಲದು. ಬೆಲೆಯಾದರೆ ಯಾರಿಗೆ ಎಷ್ಟು ಎಂಬ ಪ್ರಶ್ನೆಯೂ ಏಳುತ್ತದೆ. ಸಾವಿರ ರೂಪಾಯಿ ನನಗೆ ಒಂದು ವಾರದ ಮೆಸ್ಸು, ದೊಡ್ಡ ಕಾರಿನವನಿಗೆ ಒಂದು ಹೊತ್ತಿನ ಕಾಫಿ ತಿಂಡಿ. ಫಿನ್ಲೆಂಡಿನಲ್ಲಿ ಇದಕ್ಕೊಂದು ಉಪಾಯವಿದೆ: ಮಿತಿಯನ್ನು ತೀರಾ ಮೀರಿದವರಿಗೆ ಆದಾಯಕ್ಕೆ ತಕ್ಕಂತೆ ದಂಡ. 2023ರಲ್ಲಿ ಅಲ್ಲಿನ ಒಲಾಂಡ್ ದ್ವೀಪಗಳ ಶ್ರೀಮಂತರೊಬ್ಬರು 50ರ ರಸ್ತೆಯಲ್ಲಿ 82ರಲ್ಲಿ ಹೋಗಿ 1,21,000 ಯೂರೋ ಕಟ್ಟಬೇಕಾಯಿತು. ಆದರೆ ಸ್ವಲ್ಪ ಮಾತ್ರ ಮೀರಿದವರಿಗೆ ಅಲ್ಲಿಯೂ ಎಲ್ಲರಿಗೂ ಒಂದೇ ಬಗೆಯ ಸಣ್ಣ ದಂಡ. ಸ್ವಲ್ಪ ಮತ್ತು ತೀರಾ, ಇವೆರಡರ ನಡುವೆ ಅವರೂ ಒಂದು ಗೆರೆ ಎಳೆದುಕೊಂಡಿದ್ದಾರೆ.

ಆ ಗೆರೆಯೇ ನನ್ನನ್ನು ಕಾಡತೊಡಗಿತು. ಇದಕ್ಕೆ ನಾನು ಓದುತ್ತಿರುವ ವಿಷಯವೂ ಕಾರಣ. ತತ್ತ್ವಶಾಸ್ತ್ರದವರಿಗೆ ಕಾಲಿಗೆ ಮುಳ್ಳು ಚುಚ್ಚಿದರೂ ಮೊದಲು ಮುಳ್ಳಿನ ವ್ಯಾಖ್ಯೆ ಬೇಕು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ಚಿಂತಕ ಯುಬುಲಿಡೀಸನದು ಎಂದು ಹೇಳಲಾಗುವ ಒಗಟೊಂದಿದೆ. ನಮ್ಮೂರ ಕಣಕ್ಕೆ ತಂದು ಹೇಳುವುದಾದರೆ ಹೀಗೆ: ಕಣದಲ್ಲಿ ರಾಗಿ ರಾಶಿ ಇದೆ. ಒಂದು ಕಾಳು ತೆಗೆದರೂ ಅದು ರಾಶಿಯೇ. ಇನ್ನೊಂದು ತೆಗೆದರೂ ರಾಶಿಯೇ. ಒಂದು ಕಾಳಿನಿಂದ ರಾಶಿ ರಾಶಿಯಲ್ಲದೆ ಹೋಗುವುದಿಲ್ಲ ಎಂದು ಒಪ್ಪಿಕೊಂಡು ತೆಗೆಯುತ್ತಲೇ ಹೋದರೆ ಕೊನೆಗೆ ಒಂದೇ ಕಾಳು ಉಳಿದಾಗಲೂ ಅದನ್ನು ರಾಶಿ ಎನ್ನಬೇಕಾಗುತ್ತದೆ. ವೇಗದ ಕಥೆಯೂ ಇದೇ. 60 ಸುರಕ್ಷಿತವಾದರೆ 61 ಯಾಕಲ್ಲ? 61 ಆದರೆ 62? 120ರಲ್ಲಿ ಊರೊಳಗೆ ನುಗ್ಗುವವನು ಅಪಾಯಕಾರಿ ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಯಾವ ಒಂದು ಕಿಲೋಮೀಟರಿನಲ್ಲಿ ಅವನು ಹಾಗಾದ? ಪ್ರಪಂಚದಲ್ಲಿ ಎಲ್ಲಿಯೂ 60ರ ಹತ್ತಿರ ಗೆರೆಯೊಂದು ಎಳೆದಿಲ್ಲ. ಅದನ್ನು ಎಳೆದದ್ದು ನಾವು.

ಹಾಗಿದ್ದರೆ ಸಂಖ್ಯೆಯೇ ಬೇಡ, ವಿವೇಕದಿಂದ ಓಡಿಸಿ ಎಂದಷ್ಟೇ ಹೇಳಿದರೆ ಸಾಲದೆ? ಇದನ್ನೂ ಮಾಡಿ ನೋಡಿದವರಿದ್ದಾರೆ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ, 1995ರ ಕೊನೆಗೆ ಕೇಂದ್ರದ ವೇಗಮಿತಿ ರದ್ದಾದ ಮೇಲೆ, ಹಗಲಿನಲ್ಲಿ ಕಾರುಗಳಿಗೆ ಸಂಖ್ಯೆಯ ಮಿತಿ ಇರಲಿಲ್ಲ. ರಸ್ತೆ, ಹವೆ, ವಾಹನಗಳ ದಟ್ಟಣೆ ನೋಡಿಕೊಂಡು ಉಚಿತವಾದ ವೇಗದಲ್ಲಿ ಹೋಗತಕ್ಕದ್ದು, ಇಷ್ಟೇ ಕಾನೂನು. ಸ್ಟ್ಯಾಂಕೊ ಎಂಬಾತ ಗಂಟೆಗೆ 85 ಮೈಲಿ, ಅಂದರೆ ಸುಮಾರು 137 ಕಿಲೋಮೀಟರ್ ವೇಗದಲ್ಲಿ ಹೋಗಿ ಸಿಕ್ಕಿಬಿದ್ದ. ಅದು ಆ ಜಾಗಕ್ಕೆ ಹೆಚ್ಚು ಎಂದು ಪೊಲೀಸು ಅಧಿಕಾರಿ ಹೇಳಿದರು. ಹಾಗಾದರೆ ಎಷ್ಟು ಸರಿ ಎಂಬುದನ್ನು ಮಾತ್ರ ಹೇಳಲಿಲ್ಲ. 1998ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಆ ಕಾನೂನನ್ನೇ ಬಿದ್ದುಹಾಕಿತು. ಜನ ಮುಂಚಿತವಾಗಿ ತಿಳಿದುಕೊಳ್ಳಲಾಗದ ನಿಯಮಕ್ಕೆ ಜನರನ್ನು ಶಿಕ್ಷಿಸುವುದು ಹೇಗೆ ಎಂಬುದು ಅದರ ತರ್ಕ. ಮರುವರ್ಷ ಅಲ್ಲಿ ಮತ್ತೆ ಸಂಖ್ಯೆ ಬಂತು, 75 ಮೈಲಿ.

ಈ ಪ್ರಕರಣ ಓದಿದಾಗಲೆಲ್ಲ ನನಗೆ ಸಂಖ್ಯೆಯ ಬಗ್ಗೆ ಗೌರವ ಹೆಚ್ಚುತ್ತದೆ. ವಿವೇಕ ಎಂಬ ಮಾತು ಕೇಳಲು ಚೆಂದ. ಆದರೆ ಯಾರ ವಿವೇಕ? ರಸ್ತೆ ಬದಿಯಲ್ಲಿ ಅದನ್ನು ತೀರ್ಮಾನಿಸುವವನು ಕೈಯಲ್ಲಿ ಲಾಠಿ ಹಿಡಿದವನು. ಅವನಿಗೆ ನನ್ನ ಮಾವನ ಹಳೆಯ ಕಾರಿನ ವಿವೇಕ ಒಂದು ಥರ ಕಾಣುತ್ತದೆ, ಶಾಸಕರ ಸ್ಟಿಕ್ಕರು ಅಂಟಿಸಿದ ಕಾರಿನ ವಿವೇಕ ಇನ್ನೊಂದು ಥರ. ಯಂತ್ರಕ್ಕೆ ಮುಖ ನೋಡುವ ಅಭ್ಯಾಸವಿಲ್ಲ. ಅದರ ಮುಂದೆ 66 ಅಂದರೆ 66. ಮುಖ ನೋಡಿ ಮಣೆ ಹಾಕುವ ನಾಡಿನಲ್ಲಿ ಇದು ಕಡಿಮೆ ಸಂಗತಿಯಲ್ಲ. ಹೀಗೆಂದು ಒಪ್ಪಿಕೊಂಡರೂ ನನ್ನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಎಲ್ಲರಿಗೂ ಒಂದೇ ಆದ ಮಾತ್ರಕ್ಕೆ ಅದು ನ್ಯಾಯವೇ?

ಈ ಪ್ರಶ್ನೆ ಕೇಳಿಕೊಂಡಾಗ ಒಂದು ಮುಖ ಎದುರಿಗೆ ಬಂತು. ಎರಡು ವರ್ಷದ ಹಿಂದೆ ಸಂಶೋಧನೆಯ ನಡುವೆಯೇ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಪರೀಕ್ಷೆಗೆ ಕೂರಲು ಶೇಕಡ 75 ಹಾಜರಾತಿ ಬೇಕು. ನನ್ನ ವಿಷಯದಲ್ಲಿ ಒಬ್ಬ ಹುಡುಗನದು 74. ರಾತ್ರಿ ಹನ್ನೆರಡರವರೆಗೆ ಮನೆಮನೆಗೆ ಊಟ ತಲುಪಿಸುವ ಕೆಲಸ ಮಾಡಿ ಬೆಳಿಗ್ಗೆ ಕ್ಲಾಸಿಗೆ ಬರುತ್ತಿದ್ದವನು. ಹಿಂದಿನ ಬೆಂಚಿನಲ್ಲಿ ಕೂತು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ಕಲೆ ಅವನಿಗೆ ಸಿದ್ಧಿಸಿತ್ತು. ಆದರೆ ಎಚ್ಚರವಿದ್ದಾಗ ಕೇಳುತ್ತಿದ್ದ ಪ್ರಶ್ನೆಗಳು ಚೆನ್ನಾಗಿರುತ್ತಿದ್ದವು. ಪಟ್ಟಿಗೆ ಸಹಿ ಹಾಕುವ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, 'ಮೇಡಂ, ಒಂದು ಪರ್ಸೆಂಟ್ ಅಷ್ಟೇ ಅಲ್ವಾ ಮೇಡಂ' ಅಂದ. ನಾನು ಹೇಳಿದ್ದು ನನಗಿನ್ನೂ ಅಕ್ಷರಕ್ಷರ ನೆನಪಿದೆ: 'ನಿನಗೆ ಒಂದು ಬಿಟ್ಟರೆ, ನಾಳೆ ಇನ್ನೊಬ್ಬ ಎರಡು ಬಿಡಿ ಅಂತ ಬರ್ತಾನೆ. ಎಲ್ಲಿ ನಿಲ್ಲಿಸೋದು?' ಎರಡು ಸಾವಿರ ವರ್ಷದ ಹಳೆಯ ಒಗಟನ್ನು ಇಪ್ಪತ್ತು ವರ್ಷದ ಹುಡುಗನ ತಲೆಗೆ ಹೊಡೆದಿದ್ದೆ. ಅವನು ವಾದ ಮಾಡಲಿಲ್ಲ. 'ಸರಿ ಮೇಡಂ' ಅಂದು ಹೋದ. ಆ ಸೆಮಿಸ್ಟರು ಅವನು ಪರೀಕ್ಷೆ ಬರೆಯಲಿಲ್ಲ.

ನೂರರಲ್ಲಿ ಒಂದು ಕಡಿಮೆಯಾದವನಿಗೆ ನಿಯಮ ನಿಯಮವೇ ಎಂದವಳು, ಅರವತ್ತಕ್ಕೆ ಆರು ಹೆಚ್ಚಾದಾಗ 'ಆರು ಅಂದರೆ ಎಷ್ಟು ಮಹಾ' ಎನ್ನುತ್ತಿದ್ದೆ. ಲೆಕ್ಕ ಹಾಕಿದರೆ ನನ್ನ ತಪ್ಪು ಅವನದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅವತ್ತು ಸಂಜೆಯೇ ದಂಡ ಕಟ್ಟಿಬಿಡೋಣ, ರಿಯಾಯಿತಿಯೂ ಬೇಡ ಏನೂ ಬೇಡ ಎಂದು ಚಲನ್ ತೆರೆದೆ.

ಅದರಲ್ಲಿ ಫೋಟೊ ಇತ್ತು. ಮೊದಲ ಸಲ ಸಿಟ್ಟಿನಲ್ಲಿ ಸಂಖ್ಯೆಗಳನ್ನಷ್ಟೇ ನೋಡಿ ಮುಚ್ಚಿದ್ದೆ. ಮಾವನ ಕಾರಿನ ಮೂತಿ, ನಂಬರ್ ಪ್ಲೇಟು, ಗಾಜಿನ ಹಿಂದೆ ನಾನಿರಬೇಕಾದಲ್ಲಿ ಒಂದು ಕಪ್ಪು ನೆರಳು. ಚಿತ್ರದ ಬಲತುದಿಯಲ್ಲಿ, ಡಿವೈಡರ್ ಒಡೆದು ಕಾಲುದಾರಿ ಮಾಡಿಕೊಂಡಿರುವ ಜಾಗದಲ್ಲಿ, ಒಬ್ಬ ಹೆಂಗಸು. ತಲೆಯ ಮೇಲೆ ಹುಲ್ಲಿನ ಹೊರೆ. ಒಂದು ಕೈ ಹೊರೆಯ ಮೇಲೆ, ಇನ್ನೊಂದು ಸೆರಗಿನ ಹತ್ತಿರ. ಫೋಟೊ ಮಸುಕಾಗಿತ್ತು, ಮುಖ ಕಾಣುತ್ತಿರಲಿಲ್ಲ. ನಿಂತ ಭಂಗಿ ನೋಡಿದರೆ ರಸ್ತೆ ದಾಟಲು ಕಾಯುತ್ತಿದ್ದಳೆಂದೇ ತೋರುತ್ತದೆ.

ನನಗೆ ಅವಳ ನೆನಪಿಲ್ಲ. ಮತ್ತೆ ಮತ್ತೆ ನೆನಪಿಸಿಕೊಳ್ಳಲು ನೋಡಿದೆ. ಆ ಬಸ್ಸು ನೆನಪಿದೆ, ಉರುಳಿದ ತೆಂಗಿನಕಾಯಿ ನೆನಪಿದೆ, ಎಳನೀರಿನ ಗಾಡಿಯೊಂದರ ನೀಲಿ ಟಾರ್ಪಾಲು ನೆನಪಿದೆ. ಅವಳು ಮಾತ್ರ ನೆನಪಿಲ್ಲ. ನೋಡಿ ಮರೆತೆನೋ ಅಥವಾ ನೋಡಿಯೇ ಇರಲಿಲ್ಲವೋ ಎಂಬುದೂ ಈಗ ಗೊತ್ತಾಗುವ ಹಾಗಿಲ್ಲ. ನನ್ನೂರಿನಲ್ಲೂ ಇಂಥದ್ದೇ ರಸ್ತೆ. ಹೊಲ ಆ ಕಡೆ, ಮನೆ ಈ ಕಡೆ, ಹಾಲಿನ ಡೈರಿ ಮತ್ತೆ ಆ ಕಡೆ. ಅಮ್ಮ ದಿನಕ್ಕೆ ನಾಲ್ಕು ಸಲ ದಾಟುತ್ತಾಳೆ.

ಅವತ್ತು ರಾತ್ರಿ ಕಾಗದ ತೆಗೆದುಕೊಂಡು ಕೂತೆ. ಹೈಸ್ಕೂಲು ಭೌತಶಾಸ್ತ್ರ ಸಾಕು. ಎದುರಿಗೆ ಏನೋ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆಯಿತು ಎಂದಿಟ್ಟುಕೊಳ್ಳಿ. ರಸ್ತೆ ಒಣಗಿದೆ, ಬ್ರೇಕು ಚೆನ್ನಾಗಿದೆ, ಕಾರಿನ ವೇಗ ಪ್ರತಿ ಸೆಕೆಂಡಿಗೆ ಏಳು ಮೀಟರಿನಂತೆ ಇಳಿಯುತ್ತದೆ. 60ರಲ್ಲಿದ್ದ ಕಾರು ಸುಮಾರು ಮೂವತ್ತಾರೂವರೆ ಮೀಟರಿನಲ್ಲಿ ನಿಲ್ಲುತ್ತದೆ. 66ರಲ್ಲಿದ್ದದ್ದು ನಿಲ್ಲಲು ನಲವತ್ತೆರಡು ಮೀಟರು ದಾಟಬೇಕು. ವ್ಯತ್ಯಾಸ ಹೆಚ್ಚುಕಡಿಮೆ ಆರು ಮೀಟರು. ಇಷ್ಟು ತಿಳಿದಾಗ ನನಗೆ ಅಷ್ಟೇನೂ ಅನ್ನಿಸಲಿಲ್ಲ. ಆಮೇಲೆ ಇನ್ನೊಂದು ಲೆಕ್ಕ ಮಾಡಿದೆ. 60ರ ಕಾರು ಪೂರ್ತಿ ನಿಂತುಬಿಟ್ಟಿರುವ ಜಾಗವನ್ನು 66ರ ಕಾರು ದಾಟುವಾಗ ಅದರ ವೇಗ ಎಷ್ಟಿರುತ್ತದೆ? ಆರು ಎಂದು ನಾನು ಊಹಿಸಿದ್ದೆ. ನೀವೂ ಬಹುಶಃ ಹಾಗೇ ಊಹಿಸಿರುತ್ತೀರಿ. ಉತ್ತರ ಮೂವತ್ತೆರಡು. ಒಬ್ಬ ಚಾಲಕ ನಿಟ್ಟುಸಿರು ಬಿಟ್ಟು ಹಣೆ ಒರೆಸಿಕೊಳ್ಳುವ ಜಾಗದಲ್ಲಿ ಇನ್ನೊಬ್ಬನ ಕಾರು ಗಂಟೆಗೆ ಮೂವತ್ತೆರಡು ಕಿಲೋಮೀಟರ್ ವೇಗದಲ್ಲಿ ಮನುಷ್ಯರೊಬ್ಬರಿಗೆ ಬಡಿಯುತ್ತದೆ. ಆರು ಎಂಬುದು ನನ್ನ ಸೀಟಿನಿಂದ ನೋಡಿದಾಗಿನ ಅಂಕಿ. ಹುಲ್ಲಿನ ಹೊರೆ ಹೊತ್ತು ನಿಂತ ಜಾಗದಿಂದ ನೋಡಿದರೆ ಅದೇ ಆರು ಮೂವತ್ತೆರಡು.

ಇದರಿಂದ ರಾಶಿಯ ಒಗಟು ಬಿಡಿಸಿದಂತೆ ಆಗಲಿಲ್ಲ, ಗೊತ್ತು. ಇದೇ ಲೆಕ್ಕವನ್ನು 54ಕ್ಕೂ 60ಕ್ಕೂ ಮಾಡಿ, ಹಾಗಿದ್ದರೆ 60 ಯಾಕೆ, 54 ಸಾಕಲ್ಲ ಎಂದು ಯಾರಾದರೂ ಕೇಳಬಹುದು. ಭೌತಶಾಸ್ತ್ರ ಇಳಿಜಾರನ್ನು ತೋರಿಸುತ್ತದೆ, ಮೆಟ್ಟಿಲನ್ನಲ್ಲ. ಮೆಟ್ಟಿಲು ಕಟ್ಟಿದವರು ನಾವೇ ಎಂಬ ಮಾತು ಹಾಗೇ ಉಳಿಯುತ್ತದೆ. ಆದರೆ ನಾವು ಕಟ್ಟಿಕೊಂಡದ್ದು ಎಂದ ಮಾತ್ರಕ್ಕೆ ಅದು ಪೊಳ್ಳಲ್ಲ. ರಸ್ತೆಯ ಎಡಕ್ಕೆ ಹೋಗಬೇಕೆಂಬುದನ್ನೂ ನಾವೇ ಮಾಡಿಕೊಂಡಿದ್ದೇವೆ. ಎಡದಲ್ಲಿ ಬಲಕ್ಕಿಲ್ಲದ ಪುಣ್ಯವೇನೂ ಇಲ್ಲ. ಆದರೂ 'ಸ್ವಲ್ಪ ಮಾತ್ರ ಬಲಕ್ಕೆ ಬಂದೆ' ಎಂದು ಎದುರಿನ ಲಾರಿಗೆ ಯಾರೂ ಹೇಳಲಾರರು. ಮಿತಿ ಎಂಬುದು ನನ್ನ ಮತ್ತು ಸರ್ಕಾರದ ನಡುವಿನ ಮಾತು ಎಂದು ನಾನು ತಿಳಿದಿದ್ದೆ. ಅದು ನನ್ನ ಮತ್ತು ಆ ಹೆಂಗಸಿನ ನಡುವಿನ ಮಾತು. ದೂರದಲ್ಲಿ ಕಾರು ಕಂಡಾಗ ಅವಳು 'ಅಷ್ಟರಲ್ಲಿ ದಾಟಬಹುದು' ಎಂದೋ 'ಬೇಡ, ನಿಲ್ಲೋಣ' ಎಂದೋ ಕಣ್ಣಂದಾಜಿನಲ್ಲಿ ತೀರ್ಮಾನಿಸುತ್ತಾಳೆ. ಆ ಅಂದಾಜು ಇಂಥ ಕಡೆ ಕಾರುಗಳು ಸಾಮಾನ್ಯವಾಗಿ ಹೇಗೆ ಬರುತ್ತವೆ ಎಂಬ ಅನುಭವದ ಮೇಲೆ ನಿಂತಿದೆ. ಅವಳ ಕೈಯಲ್ಲಿ ಯಂತ್ರವಿಲ್ಲ. ನಾನು ಹೆಚ್ಚಿಸಿದ ಆರು ಅವಳಿಗೆ ಕಾಣುವುದಿಲ್ಲ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ವೇಗಮಿತಿ ಗೊತ್ತುಮಾಡಲು ಅನೇಕ ದೇಶಗಳ ಎಂಜಿನಿಯರುಗಳು ಬಹುಕಾಲದಿಂದ ಬಳಸುತ್ತ ಬಂದಿರುವ ಒಂದು ಪದ್ಧತಿಯಿದೆ. ಅಡ್ಡಿಯಿಲ್ಲದೆ ವಾಹನಗಳು ಓಡುತ್ತಿರುವಾಗ ಅವುಗಳ ವೇಗ ಅಳೆದು, ನೂರರಲ್ಲಿ 85 ವಾಹನಗಳು ಯಾವ ವೇಗದೊಳಗೆ ಹೋಗುತ್ತವೋ ಅದನ್ನು ಆಧಾರವಾಗಿ ಹಿಡಿಯುವುದು. ಬಹುಪಾಲು ಜನ ಸಹಜವಾಗಿ ವಿವೇಕಿಗಳೇ ಎಂಬ ನಂಬಿಕೆ ಇದರ ಹಿಂದೆ ಇದೆ. ಮೊದಲ ಸಲ ಓದಿದಾಗ ಎಷ್ಟು ಪ್ರಜಾಸತ್ತಾತ್ಮಕ ಅನ್ನಿಸಿತ್ತು! ಈಗ ಅದರಲ್ಲೊಂದು ತಮಾಷೆ ಕಾಣುತ್ತದೆ. ಎಲ್ಲರೂ ನನ್ನ ಹಾಗೆ ಆರಾರು ಹೆಚ್ಚಿಸುತ್ತ ಹೋದರೆ ಆ 85ನೆಯವನ ವೇಗವೂ ಮೇಲೇರುತ್ತದೆ, ಅವನ ಹಿಂದೆ ಮಿತಿಯೂ ಏರಬಹುದು. ನಿಯಮ ಮುರಿಯುವವರೇ ಮುಂದಿನ ನಿಯಮಕ್ಕೆ ಮತ ಹಾಕಿದ ಹಾಗೆ. ಮತ್ತು ಈ ಮತದಾನದಲ್ಲಿ ಓಟಿರುವುದು ಸ್ಟಿಯರಿಂಗ್ ಹಿಡಿದವರಿಗೆ ಮಾತ್ರ. ಡಿವೈಡರಿನ ಮೇಲೆ ನಿಂತವಳನ್ನು ಯಾವ ಯಂತ್ರವೂ ಎಣಿಸುವುದಿಲ್ಲ. ಈ ಫೋಟೊದಲ್ಲೂ ಅವಳು ಬಂದದ್ದು ಆಕಸ್ಮಿಕ. ಯಂತ್ರಕ್ಕೆ ಬೇಕಾಗಿದ್ದದ್ದು ಮಾವನ ನಂಬರ್ ಪ್ಲೇಟು.

ಸ್ವಲ್ಪ ಎಂಬುದನ್ನು ಯಾರ ಕಡೆಯಿಂದ ಅಳೆಯಬೇಕು ಎಂಬ ಪ್ರಶ್ನೆ ನಮ್ಮ ಕಥೆಗಳಿಗೆ ಹೊಸದಲ್ಲ. ಮಹಾಭಾರತದ ದ್ರೋಣಪರ್ವದಲ್ಲಿ ಧರ್ಮರಾಯನ ರಥ ನೆಲದಿಂದ ನಾಲ್ಕು ಬೆರಳು ಮೇಲೆಯೇ ಓಡುತ್ತಿತ್ತು. ಅಶ್ವತ್ಥಾಮ ಸತ್ತನೆಂದು ಜೋರಾಗಿಯೂ, ಸತ್ತದ್ದು ಆನೆ ಎಂಬುದನ್ನು ದ್ರೋಣನಿಗೆ ಕೇಳಿಸದಂತೆಯೂ ಹೇಳಿದ ಮೇಲೆ ಅದು ನೆಲಕ್ಕೆ ಇಳಿಯಿತು. ಚಿಕ್ಕವಳಿದ್ದಾಗ ಈ ಕಥೆ ಕೇಳಿ ಧರ್ಮರಾಯನ ಪರವಾಗಿ ನನಗೆ ಬೇಜಾರಾಗುತ್ತಿತ್ತು. ಜನ್ಮವಿಡೀ ಸತ್ಯ ಹೇಳಿದವನು ಒಂದೇ ಒಂದು ಸಲ, ಅದೂ ಅರ್ಧ ಸುಳ್ಳು ಹೇಳಿದ್ದಕ್ಕೆ ಇಷ್ಟು ಕಟ್ಟುನಿಟ್ಟೇ? ಉಳಿದವರ ರಥಗಳೆಲ್ಲ ಮೊದಲಿನಿಂದಲೂ ಮಣ್ಣಿನಲ್ಲೇ ಇದ್ದವಲ್ಲ, ಅವರನ್ನು ಯಾರೂ ಕೇಳಲಿಲ್ಲ. ಬಸ್ಸಿನವನನ್ನು ಬಿಟ್ಟು ನನ್ನನ್ನು ಹಿಡಿದರು ಎಂದು ನಾನು ಗೊಣಗಿದ್ದೂ ಇದೇ ಧಾಟಿಯಲ್ಲಿ. ಆದರೆ ನಾಲ್ಕು ಬೆರಳು ಎಂಬುದು ಧರ್ಮರಾಯ ಕಳೆದುಕೊಂಡದ್ದರ ಅಳತೆ. ಅದೇ ಮಾತಿಗೆ ದ್ರೋಣ ಕಳೆದುಕೊಂಡದ್ದು ತಲೆಯನ್ನು. ನಾವು ರಥದ ಎತ್ತರವನ್ನೇ ನೋಡುತ್ತ ಇದನ್ನು ಮರೆಯುತ್ತೇವೆ.

ಇಲ್ಲಿಗೆ ಬಂದ ಮೇಲೆ 74ರ ಆ ಹುಡುಗ ಇನ್ನಷ್ಟು ಕಷ್ಟ ಕೊಡತೊಡಗಿದ. ಇಬ್ಬರದೂ ಸ್ವಲ್ಪವೇ, ಇಬ್ಬರಿಗೂ ನಿಯಮ ಒಂದೇ, ಆದ್ದರಿಂದ ನಾನು ಅವತ್ತು ಮಾಡಿದ್ದೂ ಸರಿ, ಇವತ್ತು ನನಗಾದದ್ದೂ ಸರಿ ಎಂದು ಲೆಕ್ಕ ಚುಕ್ತಾ ಮಾಡಿಕೊಳ್ಳಬಹುದಿತ್ತು. ಆದರೆ ಹಾಗೆ ಆಗುವುದಿಲ್ಲ. ಅವನಿಗೆ ಆ ಒಂದನ್ನು ಬಿಟ್ಟುಕೊಟ್ಟಿದ್ದರೆ ಅದು ಯಾರ ಲೆಕ್ಕಕ್ಕೆ ಹೋಗುತ್ತಿತ್ತು? ನನ್ನ ಲೆಕ್ಕಕ್ಕೆ, ಬಹಳವೆಂದರೆ ಕಾಲೇಜಿನ ರಿಜಿಸ್ಟರಿನ ಲೆಕ್ಕಕ್ಕೆ. ನನ್ನ ಆರನ್ನು ನಾನು ಬಿಟ್ಟುಕೊಂಡರೆ ಅದು ಹೋಗುವುದು ಹುಲ್ಲಿನ ಹೊರೆಯ ಲೆಕ್ಕಕ್ಕೆ. ನನ್ನ ಗಂಟಿನಿಂದ ಕೊಡುವುದು ದಯೆ, ಇನ್ನೊಬ್ಬರ ಗಂಟಿನಿಂದ ತೆಗೆದು ನನಗೆ ನಾನೇ ಕೊಟ್ಟುಕೊಳ್ಳುವುದಕ್ಕೆ ಬೇರೆ ಹೆಸರಿದೆ. ಗಟ್ಟಿಯಾಗಿ ನಿಲ್ಲಬೇಕಾದಲ್ಲಿ ನಾನು ಸಡಿಲವಾಗಿದ್ದೆ. ಸಡಿಲವಾಗಬಹುದಾಗಿದ್ದ ಕಡೆ ಗಟ್ಟಿಯಾಗಿ ನಿಂತು ಅದನ್ನೇ ನ್ಯಾಯನಿಷ್ಠೆ ಎಂದುಕೊಂಡಿದ್ದೆ.

ಅಷ್ಟು ಸುಲಭವೂ ಅಲ್ಲ, ಒಪ್ಪುತ್ತೇನೆ. ಅದೇ ತರಗತಿಯಲ್ಲಿ ತುಮಕೂರಿನ ಕಡೆಯಿಂದ ಬೆಳಗಿನ ರೈಲು ಹಿಡಿದು ಬರುವ ಹುಡುಗಿಯೊಬ್ಬಳಿದ್ದಳು. ಜ್ವರ ಬಂದ ದಿನವೂ ಹಾಜರಾತಿ ತಪ್ಪುತ್ತದೆಂದು ಶಾಲು ಹೊದ್ದು ಬಂದು ಕೂತಿದ್ದಳು. ಅವನಿಗೆ ಬಿಟ್ಟುಕೊಟ್ಟಿದ್ದರೆ ಅವಳ ಆ ಜ್ವರದ ದಿನಕ್ಕೆ ಏನು ಬೆಲೆ? ಒಂದು ಪಾಲು ಅವಳ ಲೆಕ್ಕದಿಂದಲೂ ಹೋಗುತ್ತಿತ್ತೇನೋ. ಸುಳ್ಳು ವೈದ್ಯಕೀಯ ಸರ್ಟಿಫಿಕೇಟು ತಂದು ವಿನಾಯಿತಿ ಪಡೆದವರು ಆ ಪಟ್ಟಿಯಲ್ಲೇ ಇದ್ದರು ಎಂಬುದನ್ನೂ ಮರೆಯಬಾರದು. ಇವನು ಅದನ್ನು ತರಲಿಲ್ಲ. ತಂದಿದ್ದರೆ ನಾನು ಪ್ರಶ್ನೆ ಕೇಳದೆ ಸಹಿ ಹಾಕುತ್ತಿದ್ದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರಲ್ಲ, ಅವತ್ತು ಆ ಸ್ಟಾಫ್ ರೂಮಿನಲ್ಲಿ ಅಡಿಕೆಗೆ ಮಾನ ಕಳೆದುಕೊಳ್ಳಲು ಒಪ್ಪದೆ ಇದ್ದವನು ಅವನೊಬ್ಬನೇ. ಅವನ ನಂಬರು ನನ್ನ ಬಳಿ ಇದೆ. ಮೆಸೇಜು ಬರೆದು ಎರಡು ಸಲ ಅಳಿಸಿದ್ದೇನೆ. 'ನನಗೂ ದಂಡ ಬಿತ್ತು ಕಣೋ' ಎಂದು ಬರೆದರೆ ಅದು ಅವನಿಗೆ ತಮಾಷೆಯಾಗಿ ಕಾಣಲಾರದು.

ದಂಡ ಕಟ್ಟಿದೆ, ಪೂರ್ತಿ ಸಾವಿರ. ರಸೀದಿ ಮಾವನಿಗೆ ಕಳಿಸಿದೆ. ಅವರು 'ಅರ್ಧ ದುಡ್ಡು ಸುಮ್ನೆ ಹೋಯ್ತಲ್ಲವ್ವ' ಎಂದು ಬರೆದು, ಕೆಳಗೆ ಕೈ ಮುಗಿಯುವ ಚಿತ್ರ ಹಾಕಿದ್ದರು. ಫೋಟೊದಲ್ಲಿ ಬಲತುದಿಗೆ ಒಬ್ಬರಿದ್ದಾರೆ ನೋಡಿದಿರಾ ಮಾವ ಎಂದು ಕೇಳಿದೆ. ದೊಡ್ಡದು ಮಾಡಿ ನೋಡಿದರೆಂದು ಕಾಣುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು: 'ಹೂಂ. ಸೀಮೆಹುಲ್ಲು.'

ಮುಂದಿನ ತಿಂಗಳು ಊರಿಗೆ ಹೋದಾಗ ಮಾವನ ಕಾರನ್ನು ಮತ್ತೆ ನಾನೇ ಓಡಿಸಿದೆ, ಅವರು ಪಕ್ಕದಲ್ಲಿದ್ದರು. ಆ ಜಾಗ ಬರುವ ಮೊದಲೇ ನಿಧಾನ ಮಾಡಿದೆ. ಮುಳ್ಳು ಐವತ್ತೆಂಟರಲ್ಲಿತ್ತು. ಹಿಂದಿನ ಲಾರಿಯವನು ಒಂದೇ ಸಮ ಹಾರನ್ನು ಹೊಡೆಯುತ್ತಿದ್ದ. ಮಾವ ತಿರುಗಿ ನೋಡಿ, 'ಅವ್ನು ಬಡ್ಕೊಳ್ಳಿ ಬುಡು, ನೀನು ಹೋಗು' ಅಂದರು. ಡಿವೈಡರ್ ಒಡೆದ ಜಾಗದಲ್ಲಿ ಅವತ್ತು ಯಾರೂ ನಿಂತಿರಲಿಲ್ಲ. ಬಿದ್ದ ಹುಲ್ಲಿನ ಎಳೆಗಳು ಅಲ್ಲಲ್ಲಿ ರಸ್ತೆಗೆ ಅಂಟಿಕೊಂಡಿದ್ದವು.